ದೂಳು ಎಲ್ಲಿಗೆ ಹೋಗುತ್ತದೆ?

ಮುಂಗಾರು ಬಿರುಸಾಗುವ ಮುನ್ನ ಮಲೆನಾಡಿನ ಅಡಿಕೆ ತೋಟಗಳಲ್ಲಿ ಬೋರ್ಡೋ ದ್ರಾವಣದ ಸಿದ್ಧತೆ ನಡೆಯುತ್ತದೆ. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಕೊಳೆರೋಗದ ವಿರುದ್ಧ ಸಿಂಪಡಿಸುವ ಶೇಕಡಾ 1ರ ದ್ರಾವಣದ ಈ ಲೆಕ್ಕ ಮನೆಯ ಮಕ್ಕಳಿಗೂ ಬಾಯಿಪಾಠ. ಸುಣ್ಣದ ಪುಡಿಯ ಚೀಲ ಬಿಚ್ಚುವ ಅನುಭವಸ್ಥರು ಮೊದಲು ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೆಂದು ನೋಡುತ್ತಾರೆ. ಗಾಳಿಗೆ ಬೆನ್ನು ಕೊಟ್ಟು, ಚೀಲದ ಬಾಯನ್ನು ಡ್ರಮ್ಮಿನ ಅಂಚಿಗೆ ತಾಗಿಸಿ, ಮೆಲ್ಲಗೆ ಸುರಿಯುತ್ತಾರೆ. ಯಾರೂ ಪುಸ್ತಕ ಓದಿ ಕಲಿತ ವಿದ್ಯೆಯಲ್ಲ ಇದು. ಒಮ್ಮೆ ಕಣ್ಣು ಉರಿದರೆ ಸಾಕು, ಕಲಿತದ್ದು ಮರೆಯುವುದಿಲ್ಲ. ಆದರೆ ತೋಟದಲ್ಲಿ ಈ ಕೆಲಸ ವರ್ಷಕ್ಕೆ ಎರಡು ಮೂರು ಸಲ, ಅದೂ ಬಯಲಿನಲ್ಲಿ. ಇದೇ ಕೆಲಸವನ್ನು ಮುಚ್ಚಿದ ಶೆಡ್ಡಿನೊಳಗೆ, ಪಾಳಿಯ ಮೇಲೆ ಪಾಳಿ, ವರ್ಷವಿಡೀ ಮಾಡಬೇಕಾದವರ ಪಾಡೇನು? ಅಲ್ಲಿ ಬೆನ್ನು ಕೊಡೋಣವೆಂದರೆ ಗಾಳಿಗೆ ದಿಕ್ಕೇ ಇರುವುದಿಲ್ಲ.

ಮೈಸೂರಿನ ಹೆಬ್ಬಾಳದ ಹೆಸರು ಮಲೆನಾಡಿನ ಮನೆಗಳಲ್ಲಿ ಅಪರಿಚಿತವೇನಲ್ಲ. (ಬೆಂಗಳೂರಿನ ಮೇಲುಸೇತುವೆಯ ಹೆಬ್ಬಾಳ ಬೇರೆ.) ಕೆ.ಆರ್.ಎಸ್. ರಸ್ತೆಯ ಮೇಟಗಳ್ಳಿಗೆ ಹೊಂದಿಕೊಂಡಿರುವ ಈ ಕೈಗಾರಿಕಾ ಪ್ರದೇಶವನ್ನು ಹೊರಗಿನವರು ಇನ್ಫೋಸಿಸ್ ಆವರಣದಿಂದಲೂ, ಅದೇ ಸಂಸ್ಥೆಯ ಪ್ರತಿಷ್ಠಾನದ ನೆರವಿನಿಂದ ಪುನಶ್ಚೇತನಗೊಂಡ ಕೆರೆಯಿಂದಲೂ ಗುರುತಿಸುತ್ತಾರೆ. ಕೊಡಗು, ಹಾಸನ, ಚಿಕ್ಕಮಗಳೂರಿನ ಕಡೆಯಿಂದ ಐ.ಟಿ.ಐ. ಅಥವಾ ಡಿಪ್ಲೊಮಾ ಮುಗಿಸಿ ಕೆಲಸ ಹುಡುಕಿ ಬರುವ ಯುವಕರಿಗೆ ಮಾತ್ರ ಹೆಬ್ಬಾಳವೆಂದರೆ ಗಾಜಿನ ಕಟ್ಟಡಗಳಲ್ಲ. ತಗಡಿನ ಚಾವಣಿಯ ಸಣ್ಣ ಮತ್ತು ಮಧ್ಯಮ ಘಟಕಗಳ ಬೀದಿಗಳು. ಪ್ಲಾಸ್ಟಿಕ್ ತಂತ್ರಜ್ಞಾನ ಕಲಿಸುವ ಕೇಂದ್ರ ಸರ್ಕಾರದ ಸಿಪೆಟ್ ಸಂಸ್ಥೆ ಇರುವುದು ಇಲ್ಲಿಯೇ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಯೂ ಇದೇ ಪ್ರದೇಶದಲ್ಲಿದೆ. ಕಲಿಸುವವರು, ದುಡಿಸುವವರು, ಕಾಯುವವರು ಮೂವರೂ ಒಂದೇ ನೆರೆಯಲ್ಲಿರುವ ಊರು ಇದು. ಆದ್ದರಿಂದಲೇ ಈ ಲೇಖನದ ಪ್ರಶ್ನೆಯನ್ನು ಹೆಬ್ಬಾಳದಲ್ಲಿ ನಿಂತು ಕೇಳುವುದು ಸೂಕ್ತ.

ಪ್ಲಾಸ್ಟಿಕ್ಕಾಗಲಿ, ರಬ್ಬರಾಗಲಿ, ಬಣ್ಣವಾಗಲಿ, ಔಷಧವಾಗಲಿ, ಕಚ್ಚಾವಸ್ತುವಿನ ಬಹುಪಾಲು ಕಾರ್ಖಾನೆಗೆ ಬರುವುದು ಪುಡಿಯ ರೂಪದಲ್ಲಿ. ಪಿ.ವಿ.ಸಿ. ರಾಳ, ಸುಣ್ಣಕಲ್ಲಿನ ಪುಡಿ, ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಬಣ್ಣ, ರಬ್ಬರಿಗೆ ಬೇಕಾದ ಗಂಧಕ, ಟೈರಿಗೆ ಕಪ್ಪು ಬಣ್ಣವನ್ನೂ ಗಟ್ಟಿತನವನ್ನೂ ಕೊಡುವ ಕಾರ್ಬನ್ ಬ್ಲ್ಯಾಕ್. 25 ಕಿಲೋ, 50 ಕಿಲೋ ಚೀಲಗಳಲ್ಲಿ, ಇಲ್ಲವೇ ಸಾವಿರ ಕಿಲೋ ಹಿಡಿಯುವ ಜಂಬೋ ಚೀಲಗಳಲ್ಲಿ ಬಂದ ಈ ಪುಡಿ ಮಿಶ್ರಣದ ಪಾತ್ರೆ ಸೇರುವುದು ಹೇಗೆ? ಯಾರೋ ಹೊರಬೇಕು, ಇಲ್ಲವೇ ಯಾವುದೋ ಯಂತ್ರ ಸಾಗಿಸಬೇಕು. ಆ ಸಾಗಣೆ ಯಂತ್ರವನ್ನು, ಅಂದರೆ ಕನ್ವೇಯರನ್ನು, ಕೊಳ್ಳುವಾಗ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಮೂರು: ಗಂಟೆಗೆ ಎಷ್ಟು ಟನ್, ಎಷ್ಟು ದೂರ, ಬೆಲೆ ಎಷ್ಟು. ದೂಳು ಎಲ್ಲಿಗೆ ಹೋಗುತ್ತದೆ ಎಂಬ ನಾಲ್ಕನೆಯ ಪ್ರಶ್ನೆ ಏಳುವುದು ಯಂತ್ರ ಬಂದು ಕುಳಿತ ಮೇಲೆ. ಆಗ ಅದಕ್ಕೆ ಸಿಗುವ ಉತ್ತರ ಮೂಗಿಗೆ ಕಟ್ಟುವ ಒಂದು ತುಂಡು ಬಟ್ಟೆ. ಈ ಕ್ರಮ ತಿರುಗಬೇಕು. ನಾಲ್ಕನೆಯ ಪ್ರಶ್ನೆ ಮೊದಲನೆಯದಾಗಬೇಕು. ಉಳಿದ ಮೂರೂ ಅದರ ಹಿಂದೆ ಬರಬೇಕು.

ದೂಳೆಂದರೆ ಕಣ್ಣಿಗೆ ಕಾಣುವುದಷ್ಟೇ ಎಂಬ ಭಾವನೆ ಸಾಮಾನ್ಯ. ವಾಸ್ತವ ಅದಕ್ಕೆ ವಿರುದ್ಧ. ಮನುಷ್ಯನ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. 10 ಮೈಕ್ರಾನಿಗಿಂತ ಸಣ್ಣ ಕಣಗಳು ಮೂಗು, ಗಂಟಲುಗಳ ಕಾವಲನ್ನು ದಾಟುತ್ತವೆ. 4 ಮೈಕ್ರಾನಿನ ಆಸುಪಾಸಿನವು ಶ್ವಾಸಕೋಶದ ತುದಿಯ ಗಾಳಿಚೀಲಗಳವರೆಗೆ ಇಳಿಯುತ್ತವೆ. ಬಿಸಿಲಕೋಲಿನಲ್ಲಿ ಕುಣಿಯುವ ದೂಳಿಗಿಂತ, ಕಾಣದೆ ಗಂಟೆಗಟ್ಟಲೆ ತೇಲುವ ದೂಳೇ ಹೆಚ್ಚು ಹಾನಿಕರ. ಕಾರ್ಬನ್ ಬ್ಲ್ಯಾಕನ್ನೂ, ಉಸಿರಾಡುವ ಟೈಟಾನಿಯಂ ಡೈಆಕ್ಸೈಡನ್ನೂ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಲ್ಲಿ ಕ್ಯಾನ್ಸರ್ ತರಬಹುದಾದ 2ಬಿ ಗುಂಪಿನಲ್ಲಿ ಇರಿಸಿದೆ. ಇನ್ನು ಮಿತಿಗಳ ವಿಚಾರ. 2009ರ ರಾಷ್ಟ್ರೀಯ ಮಾನದಂಡದ ಪ್ರಕಾರ ಬೀದಿಯ ಗಾಳಿಯಲ್ಲಿ 10 ಮೈಕ್ರಾನಿಗಿಂತ ಸಣ್ಣ ಕಣಗಳು ದಿನದ ಸರಾಸರಿಯಲ್ಲಿ ಘನಮೀಟರಿಗೆ 100 ಮೈಕ್ರೋಗ್ರಾಂ ಮೀರಕೂಡದು. 1948ರ ಕಾರ್ಖಾನೆ ಕಾಯ್ದೆಯ ಎರಡನೆಯ ಅನುಸೂಚಿ ಕೆಲಸದ ಜಾಗದಲ್ಲಿ ಕಾರ್ಬನ್ ಬ್ಲ್ಯಾಕಿಗೆ ಇಟ್ಟಿದ್ದ ಮಿತಿ 3.5 ಮಿಲಿಗ್ರಾಂ, ಎಂದರೆ 3,500 ಮೈಕ್ರೋಗ್ರಾಂ. ಒಂದು ಇಡೀ ದಿನದ್ದು, ಇನ್ನೊಂದು 8 ಗಂಟೆಯ ಪಾಳಿಯದು. ಅಳೆಯುವ ರೀತಿಯೂ ಬೇರೆ. ಅದನ್ನೆಲ್ಲ ಒಪ್ಪಿಕೊಂಡರೂ ಕಾರ್ಖಾನೆಯ ಗೋಡೆಯ ಎರಡು ಬದಿಗಳಲ್ಲಿ ಒಂದೇ ಶ್ವಾಸಕೋಶಕ್ಕೆ ಎರಡು ಬೆಲೆ ಕಟ್ಟಲಾಗಿದೆ ಎಂಬ ಸಂಗತಿ ಉಳಿದೇ ಉಳಿಯುತ್ತದೆ.

ಯಂತ್ರಗಳಲ್ಲಿ ಹಲವು ಬಗೆ. ಅಕ್ಕಿ ಗಿರಣಿ ಕಂಡವರಿಗೆ ಎರಡು ಬಗೆ ಈಗಾಗಲೇ ಗೊತ್ತು. ಪಟ್ಟಿಗೆ ಸಾಲಾಗಿ ಜೋಡಿಸಿದ ಬೋಗುಣಿಗಳು ಭತ್ತವನ್ನು ಮೊಗೆದು ಮೇಲಕ್ಕೆ ಹೊತ್ತೊಯ್ಯುವ ಎತ್ತರದ ಪೆಟ್ಟಿಗೆಯೇ ಬಕೆಟ್ ಎಲಿವೇಟರ್. ತೊಟ್ಟಿಯೊಳಗೆ ತಿರುಗುತ್ತ ಸರಕನ್ನು ಮುಂದಕ್ಕೆ ತಳ್ಳುವ ಉಕ್ಕಿನ ಸುರುಳಿ ಸ್ಕ್ರೂ ಕನ್ವೇಯರ್. ಎಲಿವೇಟರ್ ಕಡಿಮೆ ಜಾಗದಲ್ಲಿ ನೇರ ಮೇಲಕ್ಕೆ ಒಯ್ಯುತ್ತದೆ. ಆದರೆ ಪ್ರತಿ ಬೋಗುಣಿ ಮೊಗೆಯುವಾಗಲೂ ಸುರಿಯುವಾಗಲೂ ಪೆಟ್ಟಿಗೆಯೊಳಗೆ ದೂಳೆಬ್ಬಿಸುತ್ತದೆ. ಸ್ಕ್ರೂ ಅಗ್ಗ, ಗಟ್ಟಿಮುಟ್ಟು, ದುರಸ್ತಿ ಸುಲಭ; ಹತ್ತಾರು ಅಡಿಗಳ ಸಾಗಣೆಗೆ ಅದನ್ನು ಮೀರಿಸುವುದು ಕಷ್ಟ. ಓರೆಯಾಗಿ ಏರಿಸಿದಷ್ಟೂ ಅದರ ಸಾಮರ್ಥ್ಯ ಕುಗ್ಗುತ್ತದೆ. ತೊಟ್ಟಿಯ ತಳದಲ್ಲಿ ಒಂದು ಪದರ ಪುಡಿ ಸದಾ ಉಳಿಯುತ್ತದೆ, ದಂಡ ಹೊರಬರುವ ಸೀಲು ಸವೆದೊಡನೆ ಅಲ್ಲಿಂದ ದೂಳು ಸೋರತೊಡಗುತ್ತದೆ. ಬೆಲ್ಟ್ ಕನ್ವೇಯರ್ ಕಲ್ಲಿಗೆ, ಅದಿರಿಗೆ, ಕಲ್ಲಿದ್ದಲಿಗೆ ಹೇಳಿಸಿದ್ದು. ಹಿಟ್ಟಿನಂಥ ರಾಸಾಯನಿಕವನ್ನು ಹೊದಿಕೆಯಿಲ್ಲದ ಬೆಲ್ಟಿನ ಮೇಲೆ ಹರಿಯಬಿಡುವುದು ಶೆಡ್ಡಿನ ತುಂಬ ಅದನ್ನು ಎರಚಿದಂತೆಯೇ.

ಉಳಿದದ್ದು ಗಾಳಿಯ ಮೂಲಕ ಕೊಳವೆಯಲ್ಲಿ ಸಾಗಿಸುವ ಬಗೆ. ಇಲ್ಲಿಯೇ ಆಯ್ಕೆ ಸೂಕ್ಷ್ಮವಾಗುವುದು. ತೆಳು ಹರಿವಿನ ವಿಧಾನದಲ್ಲಿ ಸೆಕೆಂಡಿಗೆ 15ರಿಂದ 30 ಮೀಟರ್ ವೇಗದ ಗಾಳಿ ಪುಡಿಯನ್ನು ತೇಲಿಸಿಕೊಂಡು ಓಡುತ್ತದೆ. ವ್ಯವಸ್ಥೆ ಸರಳ. ಆದರೆ ಒರಟು ಪುಡಿಯಾದರೆ ಕೊಳವೆಯ ತಿರುವುಗಳನ್ನು ಒಳಗಿನಿಂದ ತಿಂದುಹಾಕುತ್ತದೆ, ಹರಳು ಪುಡಿಯಾದರೆ ತಾನೇ ಒಡೆದು ಇನ್ನಷ್ಟು ದೂಳಾಗುತ್ತದೆ. ದಟ್ಟ ಹರಿವಿನಲ್ಲಿ ಹೆಚ್ಚಿನ ಒತ್ತಡ, ಕಡಿಮೆ ವೇಗ. ಪುಡಿ ಉಂಡೆಯುಂಡೆಯಾಗಿ ತೆವಳುತ್ತದೆ. ಸವೆತ ಕಡಿಮೆ, ಖರ್ಚು ಹೆಚ್ಚು. ಇವೆರಡಕ್ಕಿಂತಲೂ ಮುಖ್ಯವಾದ ಇನ್ನೊಂದು ಭೇದವಿದೆ: ಗಾಳಿ ಪುಡಿಯನ್ನು ಹಿಂದಿನಿಂದ ನೂಕುತ್ತದೆಯೋ, ಮುಂದಿನಿಂದ ಎಳೆಯುತ್ತದೆಯೋ? ನೂಕುವ ಕೊಳವೆಯಲ್ಲಿ ಸೂಜಿಮೊನೆಯಷ್ಟು ರಂಧ್ರ ಬಿದ್ದರೂ ವಿಷಪುಡಿ ಹೊರಕ್ಕೆ ಚಿಮ್ಮುತ್ತದೆ. ಎಳೆಯುವ, ಅಂದರೆ ನಿರ್ವಾತದ ಕೊಳವೆಯಲ್ಲಿ ರಂಧ್ರ ಬಿದ್ದರೆ ಶೆಡ್ಡಿನ ಗಾಳಿಯೇ ಒಳಕ್ಕೆ ನುಗ್ಗುತ್ತದೆ. ಸಾಗಣೆಯ ಪ್ರಮಾಣ ಕುಗ್ಗೀತು, ಯಂತ್ರ ಕೆಮ್ಮೀತು, ಕಾರ್ಮಿಕ ಕೆಮ್ಮುವುದಿಲ್ಲ. ಬಹುದೂರಕ್ಕೆ ನಿರ್ವಾತ ಒದಗದು ಎಂಬುದು ನಿಜ. ಆದರೆ ಸಣ್ಣ ಘಟಕದಲ್ಲಿ ಚೀಲ ಬಿಚ್ಚುವ ಜಾಗಕ್ಕೂ ಮಿಶ್ರಣದ ಪಾತ್ರೆಗೂ ನಡುವೆ ಎಷ್ಟು ದೂರವಿರುತ್ತದೆ? ಬಹಳವೆಂದರೆ ಶೆಡ್ಡಿನ ಉದ್ದದಷ್ಟು. ಕೆಟ್ಟುಹೋದಾಗಲೂ ಮನುಷ್ಯನ ಕಡೆಗೆ ಕೆಡದ ಯಂತ್ರವನ್ನೇ ಮೊದಲು ಪರಿಶೀಲಿಸಬೇಕು.

ಹಾಗಾದರೆ ಎಲ್ಲವನ್ನೂ ಕೊಳವೆಯೊಳಗೆ ಮುಚ್ಚಿಬಿಟ್ಟರೆ ಸಮಸ್ಯೆ ಮುಗಿಯಿತೇ? ಮಲೆನಾಡಿನವರು ಈ ಮಾತನ್ನು ಸುಲಭವಾಗಿ ಒಪ್ಪಬಾರದು. ಅವರ ಅನುಭವ ಬೇರೆಯೇ ಇದೆ. ಕುದುರೆಮುಖದಲ್ಲಿ 1976ರಲ್ಲಿ ಸ್ಥಾಪನೆಯಾದ ಅದಿರು ಕಂಪನಿ, ನುಣ್ಣಗೆ ಅರೆದ ಕಬ್ಬಿಣದ ಅದಿರಿನ ಪುಡಿಯನ್ನು ನೀರಿನೊಂದಿಗೆ ಬೆರೆಸಿ ಸುಮಾರು 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟ ಇಳಿಸಿ ಮಂಗಳೂರಿಗೆ ಕಳಿಸುತ್ತಿತ್ತು. ಸಾಗಣೆಯ ವಿಧಾನವೆಂಬಷ್ಟರ ಮಟ್ಟಿಗೆ ಅದು ಜಾಣ ಆಯ್ಕೆಯೇ. ಲಾರಿಗಳ ಸಾಲಿಲ್ಲ, ರಸ್ತೆಯಲ್ಲಿ ಕೆಂದೂಳಿಲ್ಲ, ಇಳಿಜಾರೇ ಅರ್ಧ ಕೆಲಸ ಮಾಡುತ್ತದೆ. ಇದನ್ನು ತೋರಿಸಿಯೇ ಗಣಿಗಾರಿಕೆಯನ್ನು ಸ್ವಚ್ಛವೆಂದು ಹೊಗಳಿದವರಿದ್ದರು. ಕೊಳವೆಯೊಳಗೆ ಹೋಗದೆ ಉಳಿದದ್ದು ಲಖ್ಯಾ ಅಣೆಕಟ್ಟಿನ ಹಿಂದೆ ಗುಡ್ಡೆಯಾಗಿ ಬಿತ್ತು, ಮಳೆಗಾಲದಲ್ಲಿ ಭದ್ರೆ ಕೆಂಪಾಗಿ ಹರಿದಳು. ವರ್ಷಗಳ ಹೋರಾಟದ ಬಳಿಕ 2002ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪು ನೀಡಿ, 2005ರ ಕೊನೆಗೆ ಗಣಿ ನಿಂತಿತು. ಅಲ್ಲಿಂದ ಉಳಿದ ಪಾಠವಿಷ್ಟು: ಕೊಳವೆ ಏನನ್ನು ಒಯ್ಯುತ್ತದೆ ಎಂಬುದರ ಜೊತೆಗೆ ಏನನ್ನು ಬಿಟ್ಟುಹೋಗುತ್ತದೆ ಎಂದೂ ಕೇಳಬೇಕು. ಕಾರ್ಖಾನೆಯ ಗಾಳಿ-ಸಾಗಣೆಗೂ ಇದು ಅನ್ವಯ. ಪುಡಿಯನ್ನು ಇಳಿಸಿದ ಗಾಳಿ ಹೊರಹೋಗಲೇಬೇಕು. ಅದು ಸೈಕ್ಲೋನ್ ಮತ್ತು ಬಟ್ಟೆಚೀಲದ ಫಿಲ್ಟರುಗಳನ್ನು ಹಾಯ್ದು ಹೋಗುತ್ತದೆ. ಹರಿದ ಫಿಲ್ಟರನ್ನು ಬದಲಿಸದಿದ್ದರೆ ಒಳಗಿನ ದೂಳು ಹೊರಗಿನ ಬಡಾವಣೆಯ ಮಾಳಿಗೆಗಳಿಗೆ ವರ್ಗವಾಯಿತು, ಅಷ್ಟೆ. ಆ ಫಿಲ್ಟರಿನಲ್ಲಿ ನಿಂತ ಪುಡಿಯನ್ನು ಕೊಡವಿ ಚೀಲಕ್ಕೆ ತುಂಬುವ ಕೈ ಯಾರದು ಎಂಬುದನ್ನೂ ಯಂತ್ರದ ನಕ್ಷೆ ಹೇಳುವುದಿಲ್ಲ.

ಮುಚ್ಚುವುದೇ ಅಪಾಯವಾದ ನಿದರ್ಶನವೂ ಇದೆ. ಅಮೆರಿಕದ ಜಾರ್ಜಿಯಾ ರಾಜ್ಯದ ಪೋರ್ಟ್ ವೆಂಟ್‌ವರ್ತ್‌ನಲ್ಲಿ ಇಂಪೀರಿಯಲ್ ಶುಗರ್ ಕಂಪನಿಯ ಸಕ್ಕರೆ ಶುದ್ಧೀಕರಣ ಕಾರ್ಖಾನೆಯೊಂದಿತ್ತು. ಸೈಲೋಗಳ ಕೆಳಗಿನ ಸುರಂಗದಲ್ಲಿ ದಶಕಗಳ ಕಾಲ ತೆರೆದ ಬೆಲ್ಟ್ ಓಡುತ್ತಿತ್ತು. ಸಕ್ಕರೆಗೆ ಕಸ ಬೀಳದಿರಲೆಂದು 2007ರಲ್ಲಿ ಆ ಬೆಲ್ಟಿಗೆ ಉಕ್ಕಿನ ತಗಡುಗಳ ಹೊದಿಕೆ ಹಾಕಿದರು. ದೂಳನ್ನು ಹೀರುವ ವ್ಯವಸ್ಥೆಯನ್ನು ಅದರೊಳಗೆ ಇಡಲಿಲ್ಲ, ಸ್ಫೋಟದ ಒತ್ತಡ ಹೊರಹೋಗುವ ಕಿಂಡಿಯನ್ನೂ ಬಿಡಲಿಲ್ಲ. ಸುರಂಗದ ವಿಶಾಲ ಗಾಳಿಯಲ್ಲಿ ಅಪಾಯದ ಮಟ್ಟ ತಲಪದಿದ್ದ ಸಕ್ಕರೆ ದೂಳು, ಹೊದಿಕೆಯ ಇಕ್ಕಟ್ಟಿನಲ್ಲಿ ಆ ಮಟ್ಟ ಮುಟ್ಟಿತು. 2008ರ ಫೆಬ್ರುವರಿ 7ರ ಸಂಜೆ ಮೊದಲ ಸ್ಫೋಟ. ಅದರ ಅದುರಿಗೆ ತೊಲೆಗಳ ಮೇಲೆ, ನೆಲದ ಮೇಲೆ ವರ್ಷಗಳಿಂದ ಕೂತಿದ್ದ ದೂಳು ಎದ್ದು, ಬೆಂಕಿ ಕಟ್ಟಡದಿಂದ ಕಟ್ಟಡಕ್ಕೆ ಹಾರಿತು. 14 ಜನ ಸತ್ತರು. ದಿನವೂ ಕಾಫಿಗೆ ಹಾಕಿಕೊಳ್ಳುವ ಸಕ್ಕರೆ ಅದು; ಹೆಸರು ಕೇಳಿ ಹೆದರಬೇಕಾದ ರಾಸಾಯನಿಕವಲ್ಲ.

ಉರಿಯುವ ಪುಡಿ, ಗಾಳಿ, ಕಿಡಿ, ಚೆದುರುವಿಕೆ, ಇಕ್ಕಟ್ಟು. ಈ ಐದು ಕೂಡಿದರೆ ದೂಳು ಸಿಡಿಮದ್ದಾಗುತ್ತದೆ. ಗಂಧಕದ ದೂಳಿಗೆ ಕಿಡಿಯೆಂದರೆ ಬೆಂಕಿಕಡ್ಡಿಯೇ ಆಗಬೇಕಿಲ್ಲ. ಕೊಳವೆಗೆ ತಿಕ್ಕಿ ಓಡುವ ಪುಡಿಯಲ್ಲಿ ತಾನಾಗಿ ಹುಟ್ಟುವ ಸ್ಥಾಯೀ ವಿದ್ಯುತ್ತಿನ ಕಿಡಿ ಸಾಕು. ಕೊಳವೆಯ ಪ್ರತಿ ಕೀಲಿಗೂ ಅರ್ಥಿಂಗ್ ತಂತಿ ಕಟ್ಟಿರಬೇಕೆಂಬ ನಿಯಮ ಇದಕ್ಕಾಗಿ. ಸುಣ್ಣಕಲ್ಲಿನ ಪುಡಿ, ಟೈಟಾನಿಯಂ ಡೈಆಕ್ಸೈಡ್ ಉರಿಯುವುದಿಲ್ಲ. ಅವಕ್ಕೆ ಈ ಭಯವಿಲ್ಲ. ಹಾಗಾಗಿ 'ಪುಡಿಗೆ ತಕ್ಕ ಯಂತ್ರ' ಎನ್ನುವಾಗ ಪುಡಿ ಎಂಬ ಒಂದೇ ಪದ ಸಾಲದು. ಅದು ಉರಿಯುವುದೇ, ವಿಷವೇ, ತೇವ ಹೀರುವುದೇ, ಒರಟೇ ಎಂದು ಮೊದಲು ತಿಳಿಯಬೇಕು. ದೂಳೇಳುವ ಪುಡಿಯ ದುರಂತಗಳು ದೂರದ ಅಮೆರಿಕದ ಕಥೆಯಷ್ಟೇ ಎಂದುಕೊಳ್ಳಲೂ ಕಾರಣವಿಲ್ಲ. ತೆಲಂಗಾಣದ ಪಾಶಮೈಲಾರಂನಲ್ಲಿ, ಮಾತ್ರೆಗಳಿಗೆ ಬಳಸುವ ಸೆಲ್ಯುಲೋಸ್ ಪುಡಿಯನ್ನು ತಯಾರಿಸುತ್ತಿದ್ದ ಘಟಕ 2025ರ ಜೂನ್ 30ರಂದು ಸ್ಫೋಟಗೊಂಡು 40ಕ್ಕೂ ಹೆಚ್ಚು ಕಾರ್ಮಿಕರು ಪ್ರಾಣ ಕಳೆದುಕೊಂಡರು.

ಸಣ್ಣ ಉದ್ಯಮಿಯ ವಾದವನ್ನೂ ಕೇಳಬೇಕು. ಬ್ಯಾಂಕಿನ ಸಾಲ, ವಿದ್ಯುತ್ ದರ, ತಡವಾಗಿ ಬರುವ ಬಿಲ್ಲಿನ ಹಣ ಇವುಗಳ ನಡುವೆ ಉಸಿರಾಡುವ ಆತನಿಗೆ ನಿರ್ವಾತದ ಯಂತ್ರ ದುಬಾರಿ. ಈ ಮಾತು ಸುಳ್ಳಲ್ಲ. ಆದರೆ ಲೆಕ್ಕವನ್ನು ಅರ್ಧಕ್ಕೆ ನಿಲ್ಲಿಸಿದಾಗ ಮಾತ್ರ ಅದು ಪೂರ್ಣ ಸತ್ಯವಾಗಿ ಕಾಣುತ್ತದೆ. ಗಾಳಿಗೆ ಹೋದ ಪುಡಿ ದುಡ್ಡು ಕೊಟ್ಟು ತಂದ ಕಚ್ಚಾವಸ್ತುವೇ. ಬೇರಿಂಗಿಗೆ ಹೊಕ್ಕ ದೂಳು ಮೋಟಾರನ್ನು ಸುಡುತ್ತದೆ. ಇನ್ನು ಕಾರ್ಮಿಕನ ಶ್ವಾಸಕೋಶದ ಖರ್ಚು ಘಟಕದ ಲೆಕ್ಕಪುಸ್ತಕಕ್ಕೆ ಬರುವುದೇ ಇಲ್ಲ. ಅದು ಹತ್ತು ಹದಿನೈದು ವರ್ಷಗಳ ಬಳಿಕ ಊರಿಗೆ ಮರಳಿದವನ ಮನೆಯಲ್ಲಿ, ಮಳೆಗಾಲದ ರಾತ್ರಿಗಳ ಏದುಸಿರಿನ ರೂಪದಲ್ಲಿ ಪಾವತಿಯಾಗುತ್ತದೆ. ಅಗ್ಗದ ಯಂತ್ರದ ಉಳಿದ ಕಂತನ್ನು ಕಟ್ಟುತ್ತಿರುವುದು ಮಲೆನಾಡಿನ ಕುಟುಂಬ. ಅಲ್ಲದೆ ಇಡೀ ವ್ಯವಸ್ಥೆಯನ್ನು ಒಮ್ಮೆಗೇ ಬದಲಿಸಲಾಗದವನೂ ಚೀಲ ಬಿಚ್ಚಿ ಸುರಿಯುವ ಒಂದು ಜಾಗಕ್ಕೆ ಮೂರು ಬದಿಯ ಮರೆ, ಹಿಂಬದಿಯಿಂದ ಹೀರುವ ಫ್ಯಾನು, ಅದಕ್ಕೊಂದು ಫಿಲ್ಟರ್ ಕೂಡಿಸಬಲ್ಲ. ಅತಿ ಹೆಚ್ಚು ದೂಳೇಳುವ ಜಾಗಗಳಲ್ಲಿ ಅದು ಮೊದಲನೆಯದು. ಖಾಲಿ ಚೀಲವನ್ನು ಮಡಚಿ ಒತ್ತುವ ಗಳಿಗೆಯಲ್ಲೂ ಅಷ್ಟೇ ದೂಳು ಏಳುತ್ತದೆ, ಅದನ್ನು ಬಹುತೇಕರು ಮರೆಯುತ್ತಾರೆ.

ಸರ್ಕಾರದ ಏರ್ಪಾಡಿನಲ್ಲಿ ಒಂದು ವಿಚಿತ್ರವಿದೆ. ದೂಳು ಗೋಡೆಯೊಳಗಿದ್ದರೆ ಅದು ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಯದು. ಗೋಡೆ ದಾಟಿದರೆ 1981ರ ವಾಯು ಕಾಯ್ದೆಯಡಿ ಮಾಲಿನ್ಯ ನಿಯಂತ್ರಣ ಮಂಡಳಿಯದು. ಎರಡಕ್ಕೂ ಕಾರಣವಾದ ಕನ್ವೇಯರಿನ ಆಯ್ಕೆ ಮಾತ್ರ ಯಾರ ಕಡತದಲ್ಲೂ ಮುಖ್ಯ ಪ್ರಶ್ನೆಯಾಗುವುದಿಲ್ಲ. ಭೋಪಾಲದ ದುರಂತದ ಬಳಿಕ, 1987ರಲ್ಲಿ ಕಾರ್ಖಾನೆ ಕಾಯ್ದೆಗೆ ಸೇರಿಸಿದ ಕಲಂಗಳು ಅಪಾಯದ ಮಾಹಿತಿಯನ್ನು ಕಾರ್ಮಿಕರಿಗೂ ನೆರೆಯ ಜನರಿಗೂ ತಿಳಿಸುವುದನ್ನು ಕಡ್ಡಾಯ ಮಾಡಿದ್ದವು. 2025ರ ನವೆಂಬರ್ 21ರಂದು ಆ ಕಾಯ್ದೆಯ ಜಾಗಕ್ಕೆ ಔದ್ಯೋಗಿಕ ಸುರಕ್ಷತೆಯ ಹೊಸ ಸಂಹಿತೆ ಬಂದಿದೆ. ವಿದ್ಯುತ್ ಬಳಸುವ ಘಟಕ ಕಾರ್ಖಾನೆ ಎನಿಸಿಕೊಳ್ಳಲು ಹಿಂದೆ 10 ಕಾರ್ಮಿಕರಿದ್ದರೆ ಸಾಕಿತ್ತು. ಈಗ 20 ಜನ ಬೇಕು. ಹದಿನೈದು ಜನ ದುಡಿಯುವ ಶೆಡ್ಡಿನಲ್ಲಿ ಏಳುವ ದೂಳು ಇಪ್ಪತ್ತು ಜನರ ಶೆಡ್ಡಿನ ದೂಳಿಗಿಂತ ಸೌಮ್ಯವೆಂದು ಯಾವ ವೈದ್ಯಶಾಸ್ತ್ರ ಹೇಳುತ್ತದೆ?

ಪರಿಸರ ಚಳವಳಿಯೂ ಇಲ್ಲಿ ತನ್ನನ್ನು ನೋಡಿಕೊಳ್ಳಬೇಕಾಗಿದೆ. ಅಣೆಕಟ್ಟು, ಗಣಿ, ಕಾಡಿನ ನಡುವಿನ ಹೆದ್ದಾರಿ ಇವುಗಳ ವಿರುದ್ಧ ಬೀದಿಗಿಳಿದ ಜನ, ಅದೇ ಊರುಗಳ ಮಕ್ಕಳು ಶೆಡ್ಡಿನೊಳಗೆ ಹೊಕ್ಕ ಮೇಲೆ ಅದನ್ನು ಕಾರ್ಮಿಕ ಸಂಘದ ವಿಷಯವೆಂದು ಬಿಟ್ಟುಕೊಟ್ಟಿದ್ದಾರೆ. ಗುತ್ತಿಗೆ ಕಾರ್ಮಿಕರಿಗೆ ಸಂಘವೇ ಇಲ್ಲದ ಕಾಲವಿದು. ನದಿಯ ಕೆಸರು ಪರಿಸರದ ಪ್ರಶ್ನೆಯಾದರೆ ಶ್ವಾಸಕೋಶದ ಕೆಸರು ಏಕಲ್ಲ?

ಹೆಬ್ಬಾಳದಲ್ಲಿ ಆಗಬಹುದಾದ ಕೆಲಸ ದೊಡ್ಡದೇನಲ್ಲ. ಪುಡಿ ಬಳಸುವ ಘಟಕ ಸ್ಥಾಪನೆಗೋ ನವೀಕರಣಕ್ಕೋ ಮಂಡಳಿಯ ಒಪ್ಪಿಗೆ ಕೋರುವಾಗ, ಪುಡಿಯ ಗುಣವಿವರದ ಜೊತೆ ಅದರ ಸಾಗಣೆಯ ವಿಧಾನವನ್ನೂ, ಸೋರಿದರೆ ಅದು ಯಾವ ದಿಕ್ಕಿಗೆ ಸೋರುತ್ತದೆ ಎಂಬುದನ್ನೂ ಬರೆಯಿಸಿಕೊಳ್ಳಬೇಕು. ಯಂತ್ರ ಆರಿಸುವ ಮಾತುಕತೆಯಲ್ಲಿ ಚೀಲ ಸುರಿಯುವವನಿಗೂ ಒಂದು ಕುರ್ಚಿ ಇರಬೇಕು. ಯಾವ ಮುಚ್ಚಳ ಯಾವಾಗ ತೆರೆಯಬೇಕಾಗುತ್ತದೆಂದು ಮಾರಾಟಗಾರನಿಗಿಂತ ಅವನಿಗೆ ಚೆನ್ನಾಗಿ ಗೊತ್ತು. ಡಿಪ್ಲೊಮಾ ವಿದ್ಯಾರ್ಥಿಗಳು ಪ್ರಾಜೆಕ್ಟಿಗೆಂದು ಘಟಕಗಳಿಗೆ ಹೋದಾಗ ಗಂಟೆಗೆಷ್ಟು ಟನ್ ಎಂದು ಬರೆದುಕೊಳ್ಳುವ ಜೊತೆಗೆ ತೊಲೆಯ ಮೇಲೆ ಬೆರಳಾಡಿಸಿ ನೋಡಲಿ. ಉರಿಯುವ ಪುಡಿಯಾದರೆ 0.8 ಮಿಲಿಮೀಟರ್ ದಪ್ಪದ ಪದರವೇ ಎಚ್ಚರಿಕೆಯ ಗೆರೆಯೆಂದು ಅಮೆರಿಕದ ಅಗ್ನಿಸುರಕ್ಷತಾ ಮಾನದಂಡ ಹೇಳುತ್ತದೆ. ಅಂಥ ಪದರದಲ್ಲಿ ಬೆರಳಿನ ಗುರುತು ಸ್ಪಷ್ಟವಾಗಿ ಮೂಡುತ್ತದೆ.

ಇನ್ನೊಂದು ಮಾತು ಮಳೆಯ ನಾಡಿನವರೇ ಹೇಳಬಲ್ಲದ್ದು. ಯಂತ್ರಗಳ ಪರೀಕ್ಷೆ ಬೇಸಿಗೆಯಲ್ಲಿ ನಡೆದರೆ, ಒಣಗಿದ ಪುಡಿ ಭತ್ತದ ಕಾಳಿನಂತೆ ಜಾರಿ ಎಲ್ಲರನ್ನೂ ಮೆಚ್ಚಿಸುತ್ತದೆ. ಆಷಾಢದಲ್ಲಿ ಅಡುಗೆಮನೆಯ ಉಪ್ಪು ಹೇಗೆ ಗಟ್ಟಿಕಟ್ಟುತ್ತದೆಯೋ ಹಾಗೆ ತೇವ ಹೀರುವ ಪುಡಿ ಹಾಪರಿನ ಕತ್ತಿನಲ್ಲಿ ಕಮಾನು ಕಟ್ಟಿ ನಿಲ್ಲುತ್ತದೆ. ಆಗ ಮೇಲ್ವಿಚಾರಕ ಸುತ್ತಿಗೆಯಿಂದ ಬಡಿಯಲು ಹೇಳುತ್ತಾನೆ. ಅದಕ್ಕೂ ಬಗ್ಗದಿದ್ದರೆ ಯಾರಾದರೊಬ್ಬ ಹುಡುಗ ಮುಚ್ಚಳ ತೆಗೆದು, ಕಬ್ಬಿಣದ ಸರಳು ಹಿಡಿದು, ಮುಖವನ್ನು ಆ ಬಾಯಿಯ ಮೇಲೆ ಬಗ್ಗಿಸಿ ಕುತ್ತುತ್ತಾನೆ. ಕಮಾನು ಕುಸಿದಾಗ ಮೇಲೇಳುವ ದೂಳಿಗೆ ಎದುರಾಗಿರುವುದು ಆ ಮುಖವೊಂದೇ. ಎಷ್ಟೇ ದುಬಾರಿಯ ಮುಚ್ಚಿದ ವ್ಯವಸ್ಥೆಯೂ ಆ ಕ್ಷಣಕ್ಕೆ ತೆರೆದ ವ್ಯವಸ್ಥೆಯೇ. ಆದ್ದರಿಂದ ಖರೀದಿಗೆ ಮುಂಚಿನ ಪರೀಕ್ಷೆ ಜುಲೈ ತಿಂಗಳಲ್ಲಿ, ಅದೇ ಶೆಡ್ಡಿನಲ್ಲಿ ವಾರವಿಟ್ಟ ಅದೇ ಪುಡಿಯ ಚೀಲಗಳಿಂದ, ಅದೇ ಪಾಳಿಯವರ ಕೈಯಲ್ಲಿ ನಡೆಯಬೇಕು. ಮುಚ್ಚಳವನ್ನು ದಿನಕ್ಕೆ ಎಷ್ಟು ಸಲ ತೆಗೆಯಬೇಕಾಯಿತೆಂದು ಅವರೇ ಗೋಡೆಯ ಮೇಲೆ ಗೀಟು ಹಾಕಿ ಎಣಿಸಲಿ.